ಮಳೆನೀರು ಕೊಯ್ಲು: ಖುಷ್ಕಿ ಬೇಸಾಯದಲ್ಲಿ ಯೋಜನೆ ಮತ್ತು ರಚನೆ

ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು, ಇಂಗದೆ ಹರಿದದ್ದನ್ನು ತಡೆದು ಕೂಡಿಡುವುದು, ಕೂಡಿಟ್ಟದ್ದನ್ನು ಬೆಳೆಗೆ ಬೇಕಾದ ಹೊತ್ತಿಗೆ ಉಣಿಸುವುದು – ಈ ಮೂರೂ ಸೇರಿದ ವ್ಯವಸ್ಥೆಗೆ ಕೃಷಿಯಲ್ಲಿ ಮಳೆನೀರು ಕೊಯ್ಲು ಎಂದು ಹೆಸರು. ಪಟ್ಟಣದಲ್ಲಿ ಈ ಮಾತು ಚಾವಣಿ, ಕೊಳವೆ, ತೊಟ್ಟಿಗಳಿಗೆ ಸೀಮಿತವಾಗಿದೆ. ಹಳ್ಳಿಯಲ್ಲಿ ಹೊಲ, ಗೋಮಾಳ, ಗುಡ್ಡ, ಬಂಡಿದಾರಿಗಳೇ ಚಾವಣಿ. ಬದು, ಹೊಂಡ, ಕಟ್ಟೆ, ಕೆರೆಗಳೇ ತೊಟ್ಟಿ. ನೀರು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಇಳಿಯುವುದರಿಂದ ಇಲ್ಲಿನ ಯೋಜನೆ ಒಂದು ಸರ್ವೆ ನಂಬರಿನೊಳಗೆ ಮುಗಿಯುವುದಿಲ್ಲ. ಎಷ್ಟು ಅಗೆಯಬೇಕು ಎಂಬುದಕ್ಕೆ ಮೊದಲು ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾರ ಪಾಲಿನದು ಎಂಬ ಪ್ರಶ್ನೆಗಳು ಏಳುತ್ತವೆ. ಈ ಲೇಖನ ಕರ್ನಾಟಕದ ಖುಷ್ಕಿ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ಅಂಥ ಯೋಜನೆಯ ತತ್ತ್ವ, ಲೆಕ್ಕ, ರಚನೆ ಹಾಗೂ ನಿರ್ವಹಣೆಯನ್ನು ವಿವರಿಸುತ್ತದೆ.

ಮಳೆ ಮತ್ತು ನೆಲ

ರಾಜಸ್ಥಾನವನ್ನು ಬಿಟ್ಟರೆ ಭಾರತದಲ್ಲಿ ಅತಿ ಹೆಚ್ಚು ಒಣಭೂಮಿ ಇರುವ ರಾಜ್ಯ ಕರ್ನಾಟಕ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿದರೆ, ಘಟ್ಟದ ಮರೆಗೆ ಬೀಳುವ ವಿಜಯಪುರ, ಬಳ್ಳಾರಿ, ಚಿತ್ರದುರ್ಗದ ಒಣ ತಾಲ್ಲೂಕುಗಳಿಗೆ ದಕ್ಕುವುದು 500ರಿಂದ 600 ಮಿ.ಮೀ. ಆಸುಪಾಸು. ಇಷ್ಟು ಮಳೆಯೂ ಹದವಾಗಿ ಹಂಚಿ ಬಿದ್ದರೆ ರಾಗಿ, ಜೋಳ, ತೊಗರಿ, ಶೇಂಗಾ ಬೆಳೆಗೆ ಸಾಲುತ್ತದೆ. ಆದರೆ ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳ ಬಿರುಸಿನಲ್ಲಿ ಮುಗಿದುಹೋಗುತ್ತದೆ. ಆ ಬಿರುಸನ್ನು ಮಣ್ಣು ಕುಡಿಯಲಾರದು. ಅದೇ ಹೊಲ ಮುಂದಿನ ಎರಡು ಮೂರು ವಾರ ಒಂದು ಹನಿಯನ್ನೂ ಕಾಣದೆ ಬಿರಿಯುತ್ತದೆ.

ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರದಿಂದ ಹಿಡಿದು ಉತ್ತರೆ, ಹಸ್ತ, ಚಿತ್ತೆಯವರೆಗೆ ಒಂದೊಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನ. ‘ಒಂದು ಮಳೆ ಕೈಕೊಟ್ಟಿತು’ ಎಂದರೆ ಎರಡು ವಾರದ ಒಣ ಅವಧಿ ಎಂದೇ ಅರ್ಥ. ಬೆಳೆ ಹೂವಾಡುವ ಹೊತ್ತಿನಲ್ಲಿ ಈ ಎರಡು ವಾರವನ್ನು ದಾಟಿಸುವುದು ಕೃಷಿ ಮಳೆನೀರು ಕೊಯ್ಲಿನ ಮೊದಲ ಗುರಿ. ವರ್ಷವಿಡೀ ನೀರಾವರಿ ಕೊಡುವ ಭರವಸೆ ಅದರದಲ್ಲ.

ಮಣ್ಣಿನ ಗುಣ ಯೋಜನೆಯ ಎರಡನೆಯ ಆಧಾರ. ಕೋಲಾರ, ತುಮಕೂರು, ಚಿತ್ರದುರ್ಗ ಸೀಮೆಯ ಕೆಂಪುಮಣ್ಣು ನೀರನ್ನು ಬೇಗ ಒಳಗೆ ಬಿಡುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಬಿರುಮಳೆಯ ಹೊಡೆತಕ್ಕೆ ಅದರ ಮೇಲ್ಮೈ ಹೆಪ್ಪುಗಟ್ಟಿದರೆ ನೀರು ಇಂಗದೆ ಜಾರುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡದ ಬಯಲುಸೀಮೆಯ ಎರೆಮಣ್ಣು ಒಣಗಿದಾಗ ಬಿರುಕುಬಿಟ್ಟು ಮೊದಲ ಮಳೆಯನ್ನು ನುಂಗುತ್ತದೆ. ನೆನೆದು ಉಬ್ಬಿದ ಮೇಲೆ ಇಂಗುವಿಕೆ ಬಹಳ ನಿಧಾನ. ಆದರೆ ಒಮ್ಮೆ ಹಿಡಿದ ತೇವವನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ನಿಂತಿರುವುದು ಈ ತೇವದ ಮೇಲೆ. ಆದ್ದರಿಂದ ಕೆಂಪುನೆಲದ ನಕ್ಷೆಯನ್ನು ಎರೆನೆಲಕ್ಕೆ ಹಾಗೆಯೇ ಎತ್ತಿಡಲಾಗದು.

ಪರಂಪರೆ

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ರೂಢಿಯ ಎಣಿಕೆ. ಹಳೆ ಮೈಸೂರು ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಸರಣಿಯಾಗಿ ಕಟ್ಟಿದವು ಇವು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಕೆರೆಯ ಅಂಗಾಂಗಗಳ ಹೆಸರು. ಕೆರೆ ಕಟ್ಟಿಸಿದವರಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಪಾಲನೆಗೆಂದು ಬಿಟ್ಟದ್ದು ಬಿತ್ತುವಟ್ಟ. ಕೆರೆಯ ಕೆಲಸಕ್ಕೆ ಹತ್ತರಲ್ಲಿ ಒಂದರಂತೆ ಸಲ್ಲುತ್ತಿದ್ದದ್ದು ದಶವಂದ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಈ ಪದಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತವೆ: ಕೆರೆ ಕಟ್ಟುವ ಖರ್ಚಿನ ಜೊತೆಗೇ ಅದನ್ನು ಉಳಿಸಿಕೊಳ್ಳುವ ಖರ್ಚಿಗೂ ಮೂಲ ಗೊತ್ತುಮಾಡಲಾಗುತ್ತಿತ್ತು. ತೂಬು ಎತ್ತಿ ಇಳಿಸಿ, ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು.

ಯೋಜನೆಯ ದೃಷ್ಟಿಯಿಂದ ಗಮನಾರ್ಹವಾದದ್ದು ವಿಜಯನಗರದ ಕಾಲದ ಪೋರುಮಾಮಿಳ್ಳ ಶಾಸನ. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿ ಒಂದನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯನ್ನು ಕುರಿತ ಈ 1369ರ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಜಲವಿದ್ಯೆ ಬಲ್ಲವನು, ಗಟ್ಟಿನೆಲ, ಕಲ್ಲಿನ ಗಣಿ, ನುರಿತ ಕೆಲಸಗಾರರು ಸಾಧನಗಳಲ್ಲಿ ಸೇರಿವೆ. ಏರಿಯಿಂದ ನೀರು ಸೋರುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ಹರಹು ದೊಡ್ಡದಾಗಿರುವುದು, ಹರಹು ಕಿರಿದಾಗಿ ನೀರು ಹೆಚ್ಚಾಗಿರುವುದು – ಇವು ಆರು ದೋಷಗಳು. ಕೊನೆಯ ಎರಡು ದೋಷಗಳನ್ನೇ ಇಂದಿನ ಎಂಜಿನಿಯರರು ಹರಿವಿಗೂ ಸಂಗ್ರಹಕ್ಕೂ ತಾಳೆಯಿಲ್ಲದಿರುವುದು ಎಂದು ಕರೆಯುತ್ತಾರೆ.

ಮಲೆನಾಡು ಮತ್ತು ಕರಾವಳಿಯ ಪರಂಪರೆ ಬೇರೆ ತೆರನಾದದ್ದು. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡದ ಮೇಲಿನ ತಗ್ಗಿಗೆ ದಂಡೆ ಕಟ್ಟಿದ ಮದಕ ಕೆಳಗಿನ ತೋಟ, ಬಾವಿಗಳಿಗೆ ಒರತೆಯಾಗಿ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣಿನಿಂದ ಹಾಕುವ ಕಟ್ಟ ಬೇಸಿಗೆಗೆ ಅಡಿಕೆ ತೋಟವನ್ನು ಕಾಯುತ್ತದೆ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗ ಒರತೆಯನ್ನು ಪಂಪಿನ ಹಂಗಿಲ್ಲದೆ ಹೊರತರುತ್ತದೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಈ ಸೀಮೆಯ ನೀರಿನ ಅನುಭವಗಳನ್ನು ರೈತರ ಮಾತಿನಲ್ಲೇ ದಾಖಲಿಸಿದ ಕೀರ್ತಿ ‘ಅಡಿಕೆ ಪತ್ರಿಕೆ’ ಹಾಗೂ ಅದರ ಸಂಪಾದಕ ಶ್ರೀಪಡ್ರೆ ಅವರದು.

ಆಧುನಿಕ ಸಂಶೋಧನೆ ಬರಗಾಲಗಳ ಬೆನ್ನಲ್ಲಿ ಬಂತು. ವಿಜಯಪುರದಲ್ಲಿ 1933ರಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಯಿತು. ಅದೇ ಕಾಲಕ್ಕೆ ಬಳ್ಳಾರಿ ಬಳಿಯ ಹಗರಿಯಲ್ಲೂ ರಾಯಚೂರಿನಲ್ಲೂ ಇಂಥ ಕೆಲಸ ಶುರುವಾಯಿತು. ಬಳ್ಳಾರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರ ಎರೆನೆಲದ ಬದು, ಹೊಂಡ, ಹರಿವುಗಳ ಅಧ್ಯಯನಕ್ಕೆ ಮೀಸಲಾಯಿತು.

ಯೋಜನೆಯ ಘಟಕ: ಕಿರು ಜಲಾನಯನ

ಒಂದು ಹಳ್ಳಕ್ಕೆ ನೀರು ಹರಿಸುವ ಅಷ್ಟೂ ನೆಲವೇ ಜಲಾನಯನ. ಯೋಜನೆಗೆ ಸಾಮಾನ್ಯವಾಗಿ 500ರಿಂದ 1,000 ಹೆಕ್ಟೇರಿನ ಕಿರು ಜಲಾನಯನ ಅನುಕೂಲ. ಅದರ ಗಡಿ ಊರಿನ ಗಡಿಯೊಂದಿಗೆ ಹೊಂದಲೇಬೇಕೆಂದಿಲ್ಲ.

ಕೆಲಸ ನಕ್ಷೆಯಿಂದ ಶುರುವಾಗುತ್ತದೆ. ಕಂದಾಯ ನಕ್ಷೆ, ಸರ್ವೆ ಆಫ್ ಇಂಡಿಯಾದ ಸ್ಥಳನಕ್ಷೆ, ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಗುಡ್ಡದ ನೆತ್ತಿ, ಇಳಿಜಾರು, ಕೊರಕಲು, ಹಳ್ಳ, ಕೆರೆ, ಬಾವಿ, ಕೊಳವೆಬಾವಿ, ಗೋಮಾಳಗಳನ್ನು ಗುರುತಿಸಲಾಗುತ್ತದೆ. ಆಮೇಲಿನದು ಕಾಲ್ನಡಿಗೆ. ಮಳೆ ಬಂದ ದಿನ ನೀರು ಯಾವ ಬದು ಒಡೆಯುತ್ತದೆ, ಯಾವ ಬಂಡಿದಾರಿ ಹಳ್ಳವಾಗುತ್ತದೆ, ಎಷ್ಟು ತಿಂಗಳು ಹಳ್ಳದಲ್ಲಿ ಪಸೆ ಇರುತ್ತದೆ ಎಂಬುದನ್ನು ಊರಿನ ಹಿರಿಯರು, ಕುರಿಗಾಹಿಗಳು, ನೀರು ಹೊರುವ ಹೆಂಗಸರು ಹೇಳಬಲ್ಲರು. ಈ ವಿವರ ಯಾವ ನಕ್ಷೆಯಲ್ಲೂ ಸಿಗದು.

ರಚನೆಗಳನ್ನು ನೆತ್ತಿಯಿಂದ ಕಣಿವೆಗೆ, ಅಂದರೆ ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಬರಬೇಕು. ಗುಡ್ಡದಲ್ಲಿ ಕಂದಕ ಮತ್ತು ಗಿಡ, ಇಳಿಜಾರಿನ ಹೊಲದಲ್ಲಿ ಬದು, ಕೊರಕಲಿನಲ್ಲಿ ಕಲ್ಲುತಡೆ, ಹೊಲದ ತಗ್ಗಿನಲ್ಲಿ ಹೊಂಡ, ಹಳ್ಳದಲ್ಲಿ ನಾಲಾಬದು ಮತ್ತು ಚೆಕ್ ಡ್ಯಾಂ, ಕೊನೆಗೆ ಕೆರೆ – ಇದು ಒಪ್ಪಿತ ಕ್ರಮ. ಮೇಲಿನ ಕೆಲಸ ಬಿಟ್ಟು ಮೊದಲು ಚೆಕ್ ಡ್ಯಾಂ ಕಟ್ಟಿದರೆ ಎರಡು ಮೂರು ಮಳೆಗಾಲದಲ್ಲಿ ಅದು ಹೂಳಿನ ತೊಟ್ಟಿಯಾಗುತ್ತದೆ. ಆದರೆ ಕಾಂಕ್ರೀಟಿನ ಕೆಲಸ ಕಣ್ಣಿಗೆ ಕಾಣುತ್ತದೆ, ಬಿಲ್ಲಿಗೂ ಸುಲಭ. ಬದುವಿನ ಕೆಲಸಕ್ಕೆ ನೂರು ರೈತರ ಒಪ್ಪಿಗೆ ಬೇಕು. ಈ ಕ್ರಮ ತಲೆಕೆಳಗಾಗಲು ಮುಖ್ಯ ಕಾರಣ ಇದೇ.

ನೀರಿನ ಲೆಕ್ಕ

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್; 25 ಮಿ.ಮೀ.ನ ಒಂದು ಒಳ್ಳೆಯ ಮಳೆ ಎಕರೆಗೆ ಒಂದು ಲಕ್ಷ ಲೀಟರ್ ಸುರಿಯುತ್ತದೆ. 600 ಮಿ.ಮೀ. ಮಳೆಯ ಊರಿನಲ್ಲಿ ಎಕರೆಗೆ ವರ್ಷಕ್ಕೆ ಬೀಳುವುದು 24 ಲಕ್ಷ ಲೀಟರಿಗೂ ಹೆಚ್ಚು. ಇದು ದೊಡ್ಡ ಮೊತ್ತವಾಗಿ ಕಂಡರೂ ಅಷ್ಟೂ ಕೊಯ್ಲಿಗೆ ಸಿಗುವುದಿಲ್ಲ, ಸಿಗಲೂಬಾರದು. ಹೆಚ್ಚಿನ ಪಾಲು ಮಣ್ಣಿಗಿಳಿದು ಬೇರು ಮುಟ್ಟಬೇಕು.

ಮೊದಲು ನಂಬಬಹುದಾದ ಮಳೆಯನ್ನು ಕಂಡುಕೊಳ್ಳಬೇಕು. ಸರಾಸರಿ ಮಳೆ ಒಂದೆರಡು ಅತಿವೃಷ್ಟಿಯ ವರ್ಷಗಳಿಂದ ಉಬ್ಬಿರುತ್ತದೆ. ಹತ್ತಿರದ ಮಳೆಮಾಪಕದ 19 ವರ್ಷಗಳ ಅಂಕಿಗಳನ್ನು ಹೆಚ್ಚಿನದರಿಂದ ಕಡಿಮೆಗೆ ಬರೆದರೆ 15ನೆಯ ಅಂಕಿ ನಾಲ್ಕರಲ್ಲಿ ಮೂರು ವರ್ಷ ದಕ್ಕುವ ಮಳೆ. ಹೊಂಡದ ಅಳತೆಗೆ ಇದನ್ನು ಹಿಡಿಯುವುದು ಕ್ಷೇಮ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿರುವುದರಿಂದ ಈಚಿನ ವರ್ಷಗಳ ಅಂಕಿ ಊರಿನ ಹತ್ತಿರದ್ದೇ ದೊರೆಯುತ್ತದೆ.

ಎರಡನೆಯದು ಹರಿವಿನ ಪಾಲು. ಉಳುಮೆಯಾದ ಹೊಲದಲ್ಲಿ ಮಳೆಯ 10ರಿಂದ 30 ಪ್ರತಿಶತ ಹರಿದುಹೋಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಬೋಳುಗುಡ್ಡ, ಬಂಡೆನೆಲದಲ್ಲಿ ಇದು ಹೆಚ್ಚು. ಹುಲ್ಲು, ಗಿಡ ಇದ್ದಲ್ಲಿ ಕಡಿಮೆ. ಒಂದು ಉದಾಹರಣೆ: 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ ಹೊಲ. 40 ಮಿ.ಮೀ.ನ ಒಂದು ಬಿರುಮಳೆಯಲ್ಲಿ ಐದರಲ್ಲಿ ಒಂದು ಪಾಲು ಹರಿದರೆ ದಕ್ಕುವ ನೀರು 160 ಘನ ಮೀಟರ್, ಅಂದರೆ 1.6 ಲಕ್ಷ ಲೀಟರ್. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ, ಬದಿಗೆ ಒಂದಕ್ಕೊಂದು ಇಳಿಜಾರು ಕೊಟ್ಟ ಹೊಂಡ ಹಿಡಿಯುವುದು 156 ಘನ ಮೀಟರ್. ಒಂದೇ ಮಳೆಗೆ ಅದು ತುಂಬುತ್ತದೆ. ಅದೇ ಹೊಲದಲ್ಲಿ 21 ಮೀಟರ್ ಚೌಕದ ಹೊಂಡ ತೋಡಿದರೆ ಸಾಮರ್ಥ್ಯ ಸುಮಾರು 980 ಘನ ಮೀಟರ್. ಅದು ತುಂಬಲು ಅಂಥ ಆರು ಮಳೆ ಬೇಕು. ಖುಷ್ಕಿ ಸೀಮೆಯಲ್ಲಿ ಎಲ್ಲ ವರ್ಷ ಆರು ಬಿರುಮಳೆ ಬರುವುದಿಲ್ಲ.

ಮೂರನೆಯದು ಬೇಡಿಕೆ. ಒಂದು ಎಕರೆಗೆ 50 ಮಿ.ಮೀ.ನಷ್ಟು ಒಂದು ನೀರು ಕೊಡಲು ಸುಮಾರು 200 ಘನ ಮೀಟರ್ ಬೇಕು; ತುಂತುರು ನೀರಾವರಿಯಲ್ಲಿ 30 ಮಿ.ಮೀ. ಕೊಟ್ಟರೆ ಸುಮಾರು 120 ಘನ ಮೀಟರ್ ಸಾಕು. ಮೇಲಿನ ಸಣ್ಣ ಹೊಂಡ ಒಂದು ಎಕರೆಯನ್ನು ಒಂದು ಒಣ ಅವಧಿಯಿಂದ ಪಾರುಮಾಡಬಲ್ಲದು, ಅಷ್ಟೇ. ಆದರೆ ಆ ಒಂದು ನೀರು ಬೀಳುವ ಹೊತ್ತು ಮುಖ್ಯ. ಜೋಳ ಹೊಡೆ ಹಾಯುವಾಗ, ಶೇಂಗಾ ಹೂಬಿಟ್ಟು ಅದರ ಸೂಜಿ ಮಣ್ಣಿಗಿಳಿಯುವಾಗ, ತೊಗರಿ ಕಾಯಿ ಕಟ್ಟುವಾಗ ಕೊಟ್ಟ ನೀರು ಬೆಳೆಯ ಉಳಿವನ್ನೇ ನಿರ್ಧರಿಸುತ್ತದೆ.

ನಾಲ್ಕನೆಯದು ನಷ್ಟ. ಬೇಸಿಗೆಯ ಬಿಸಿಲಿಗೆ ತೆರೆದ ನೀರು ದಿನಕ್ಕೆ 6 ಮಿ.ಮೀ. ಮೀರಿ ಆವಿಯಾಗುತ್ತದೆ. 21 ಮೀಟರ್ ಚೌಕದ ಹೊಂಡಕ್ಕೆ ಇದು ದಿನಕ್ಕೆ ಎರಡೂವರೆ ಸಾವಿರ ಲೀಟರಿಗೂ ಹೆಚ್ಚು. ಹೀಗಾಗಿ ಮುಂಗಾರಿನ ನೀರನ್ನು ಬೇಸಿಗೆಗೆಂದು ಕೂಡಿಡುವುದಕ್ಕಿಂತ ಬೆಳೆಯ ಕಾಲದಲ್ಲೇ ಬಳಸಿ, ಮುಂದಿನ ಮಳೆಗೆ ಹೊಂಡ ಖಾಲಿ ಇಡುವುದು ಹೆಚ್ಚು ಲಾಭದ ದಾರಿ.

ಹೊಲದೊಳಗೆ ತೇವ ಹಿಡಿಯುವುದು

ಅಗ್ಗವಾದ ನೀರಿನ ತೊಟ್ಟಿ ಮಣ್ಣೇ. ಮಾಗಿ ಉಳುಮೆ, ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ, ಕೊಟ್ಟಿಗೆ ಗೊಬ್ಬರ, ಬೆಳೆಯ ಕೂಳೆ ಸುಡದೆ ಹೊಲದಲ್ಲೇ ಬಿಡುವುದು – ಇವಕ್ಕೆ ಹೆಚ್ಚಿನ ಹಣ ಬೇಡ. ಬಿತ್ತಿದ ಮೇಲೆ ಕೆಲವು ಸಾಲಿಗೊಂದರಂತೆ ಆಳದ ಸಾಲು ಹೊಡೆಯುವುದು ಕೆಂಪುನೆಲದ ರಾಗಿ, ಶೇಂಗಾ ಹೊಲಗಳಲ್ಲಿ ರೂಢಿಗೆ ಬಂದ ವಿಧಾನ. ಎರೆನೆಲದಲ್ಲಿ ಹಿಂಗಾರಿ ಬಿತ್ತನೆಗೆ ಮೊದಲು ಹೊಲವನ್ನು ಸಣ್ಣ ಸಣ್ಣ ಚೌಕುಮಡಿಗಳಾಗಿ ಕಟ್ಟಿ ಮುಂಗಾರಿನ ಮಳೆಯನ್ನು ಅಲ್ಲಲ್ಲೇ ನಿಲ್ಲಿಸುವ ಕ್ರಮವನ್ನು ಕೃಷಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡುತ್ತವೆ. ಹೈದರಾಬಾದ್ ಬಳಿಯ ಪಟಾಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆ ರೂಢಿಗೆ ತಂದ ಅಗಲ ಏರುಮಡಿ ಮತ್ತು ಸಾಲಿನ ಪದ್ಧತಿ, ಮುಂಗಾರಿನಲ್ಲಿ ನೀರು ನಿಂತು ಕೊಳೆಯುವ ಎರೆಹೊಲಕ್ಕೆ ಹೊಂದುತ್ತದೆ.

ಬದು ಎರಡು ಬಗೆ. ಸಮಪಾತಳಿ ಬದು ಒಂದೇ ಮಟ್ಟದಲ್ಲಿ ಸಾಗಿ ನೀರನ್ನು ಪೂರ್ತಿ ತಡೆಯುತ್ತದೆ. ಮಳೆ ಕಡಿಮೆ ಇರುವ, ನೀರು ಇಂಗುವ ಕೆಂಪುನೆಲಕ್ಕೆ ಇದು ಸರಿ. ಎರೆನೆಲದಲ್ಲಿ ಅದೇ ಬದುವಿನ ಮೇಲ್ಭಾಗದಲ್ಲಿ ನೀರು ನಿಂತು ಬೆಳೆ ಹಳದಿಯಾಗುತ್ತದೆ. ಬದುವೂ ಬಿರುಕುಬಿಟ್ಟು ಒಡೆಯುತ್ತದೆ. ಅಲ್ಲಿಗೆ ಸಣ್ಣ ಇಳಿವು ಕೊಟ್ಟು ಹೆಚ್ಚುವರಿ ನೀರನ್ನು ಮೆಲ್ಲಗೆ ಹೊರಗೆ ನಡೆಸುವ ಇಳಿಜಾರು ಬದು ಬೇಕು. ನೂರಕ್ಕೆ 2ರಷ್ಟು ಇಳಿಜಾರಿರುವ ಹೊಲದಲ್ಲಿ ಒಂದು ಬದುವಿನಿಂದ ಇನ್ನೊಂದಕ್ಕೆ ಸುಮಾರು 40 ಮೀಟರ್ ದೂರ ಇಡುವುದು ವಾಡಿಕೆಯ ಸೂತ್ರ. ಬದುವಿಗೆ ಕಲ್ಲಿನ ಕೋಡಿ ಇರಲೇಬೇಕು. ಇಲ್ಲವಾದರೆ ನೀರು ತಾನೇ ಒಂದು ಕೋಡಿ ಮಾಡಿಕೊಳ್ಳುತ್ತದೆ. ಬದುವಿನ ಮೇಲೆ ಲಾವಂಚ, ಹುಲ್ಲು, ಗ್ಲಿರಿಸಿಡಿಯ ಹಾಕಿದರೆ ಬೇರು ಮಣ್ಣನ್ನು ಹಿಡಿಯುತ್ತದೆ, ಮೇವು ಮತ್ತು ಹಸಿರೆಲೆ ಗೊಬ್ಬರವೂ ದೊರೆಯುತ್ತದೆ.

ಕೃಷಿಹೊಂಡ

ಹೊಲದ ತಗ್ಗಿನ ಮೂಲೆ ಹೊಂಡಕ್ಕೆ ತಕ್ಕ ಜಾಗ. ತೀರ ತಗ್ಗಾದರೆ ಅಲ್ಲಿಂದ ನೀರು ಮೇಲೆತ್ತಲು ಇಂಧನ ಖರ್ಚು. ತುಸು ಎತ್ತರದಲ್ಲಿದ್ದರೆ ಹರಿವು ಕಡಿಮೆ. ಬಾವಿಯ ಮೇಲ್ಭಾಗದಲ್ಲಿ ಹೊದಿಕೆಯಿಲ್ಲದ ಹೊಂಡ ತೋಡಿದರೆ ಸೋರಿದ ನೀರು ಬಾವಿಗೆ ಸೇರುತ್ತದೆ.

ನೀರು ಒಳಗೆ ಬರುವ ಬಾಯಿಗೆ ಹೂಳುಗುಂಡಿ ಬೇಕು. ಹರಿವು ಮೊದಲು ಅಲ್ಲಿ ನಿಂತು, ಮಣ್ಣು ತಳ ಸೇರಿ, ತಿಳಿಯಾದ ನೀರು ಕಲ್ಲು ಹಾಸಿದ ಇಳಿಜಾರಿನಿಂದ ಹೊಂಡಕ್ಕೆ ಇಳಿಯುತ್ತದೆ. ಇನ್ನೊಂದು ಬದಿಯಲ್ಲಿ, ಬಾಯಿಗಿಂತ ಸ್ವಲ್ಪ ತಗ್ಗಿನ ಮಟ್ಟದಲ್ಲಿ ಕೋಡಿ ಇರಬೇಕು. ಕೋಡಿಯ ಅಗಲಕ್ಕೆ ವರ್ಷದ ಮಳೆಯ ಲೆಕ್ಕ ಸಾಲದು, ಗಂಟೆಯ ಬಿರುಸು ಬೇಕು: 10 ಹೆಕ್ಟೇರ್ ನೆಲದ ಮೇಲೆ ಗಂಟೆಗೆ 80 ಮಿ.ಮೀ.ನಂತೆ ಮಳೆ ಬಿದ್ದು, ಅದರ 30 ಪ್ರತಿಶತ ಹರಿದರೆ ಪ್ರತಿ ಸೆಕೆಂಡಿಗೆ ಸುಮಾರು 670 ಲೀಟರ್ ನೀರು ನುಗ್ಗಿ ಬರುತ್ತದೆ. ಅಗೆದ ಮಣ್ಣನ್ನು ಅಂಚಿನಿಂದ ದೂರ ಹಾಕದಿದ್ದರೆ ಮೊದಲ ಮಳೆಗೇ ಅದು ಹೊಂಡಕ್ಕೆ ಮರಳುತ್ತದೆ.

ಕೆಂಪುನೆಲದ ಹೊಂಡಕ್ಕೆ ಹೊದಿಕೆ ಅನಿವಾರ್ಯ. 500 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ, ಮಣ್ಣು–ಸಿಮೆಂಟಿನ ಗಾರೆ, ಕಲ್ಲುಹಾಸು ಬಳಕೆಯಲ್ಲಿವೆ. ಹಾಳೆ ಅಗ್ಗ; ಆದರೆ ಇಲಿ, ದನದ ಗೊರಸು, ಬಿಸಿಲು ಅದರ ಶತ್ರುಗಳು. ಎರೆನೆಲ ಜೇಡಿಯಿಂದ ತಾನೇ ನೀರು ಹಿಡಿಯುವುದರಿಂದ ಅಲ್ಲಿ ಹೊದಿಕೆಯಿಲ್ಲದೆ ದೊಡ್ಡ ಹೊಂಡ ತೋಡಬಹುದು. ಧಾರವಾಡ ಜಿಲ್ಲೆಯ ನವಲಗುಂದ ಸೀಮೆಯಲ್ಲಿ ದೇಶಪಾಂಡೆ ಫೌಂಡೇಶನ್ ನೆರವಿನಿಂದ ತೋಡಿದ 100 ಅಡಿ ಉದ್ದ, 100 ಅಡಿ ಅಗಲ, 12 ಅಡಿ ಆಳದ ಹೊಂಡಗಳು ಈ ಗುಣವನ್ನು ನೆಚ್ಚಿದವು. ಬೈಫ್ ಸಂಸ್ಥೆ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಒಂದು ದೊಡ್ಡ ಹೊಂಡದ ಬದಲು ಹೊಲದಿಂದ ಹೊಲಕ್ಕೆ ಸಾಗುವ ಸಣ್ಣ ಹೊಂಡಗಳ ಸರಣಿ. ಮೇಲಿನದು ತುಂಬಿ ಹರಿದರೆ ಕೆಳಗಿನದಕ್ಕೆ. ಹಳೆಯ ಕೆರೆಗಳ ಸರಣಿಯೇ ಇಲ್ಲಿ ಹೊಲದ ಅಳತೆಗೆ ಇಳಿದಂತಿದೆ.

ಹೊಂಡಕ್ಕೆ ಬೇಲಿ ಯೋಜನೆಯ ಅಂಗವೇ ಹೊರತು ಅಲಂಕಾರವಲ್ಲ. ಮೂರು ಮೀಟರ್ ಆಳ, ಜಾರುವ ಹಾಳೆ. ಒಳಗೆ ಬಿದ್ದ ಮಗು ಅಥವಾ ಕರು ತಾನಾಗಿ ಮೇಲೆ ಬರಲಾರದು. ತಂತಿ ಬೇಲಿ, ಮೆಟ್ಟಿಲು, ಒಳಗೆ ಇಳಿಬಿಟ್ಟ ಗಂಟು ಹಗ್ಗ ಕನಿಷ್ಠ ಅಗತ್ಯಗಳು.

ಹಳ್ಳ, ಕೆರೆ, ಅಂತರ್ಜಲ

ದಕ್ಷಿಣ ಕರ್ನಾಟಕದ ನೆಲದಡಿಯಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆ; ಉತ್ತರದ ಅಂಚಿನ ಜಿಲ್ಲೆಗಳಲ್ಲಿ ದಖನ್ನಿನ ಕಪ್ಪುಶಿಲೆ. ಇಂಥ ಗಟ್ಟಿಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ನಾಲಾಬದು, ಜಿನುಗು ಕೆರೆ, ಚೆಕ್ ಡ್ಯಾಂ ಶಿಥಿಲ ಪದರವನ್ನು ತುಂಬುತ್ತವೆ; ತೆರೆದ ಬಾವಿಗಳಿಗೆ ಇದರ ಫಲ ಬೇಗ ಕಾಣುತ್ತದೆ. ಕೋಲಾರದಂಥ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಗೆ ಈ ನೀರು ತಲುಪಲು ಬಹುಕಾಲ ಬೇಕು, ಕೆಲವೆಡೆ ತಲುಪುವುದೂ ಇಲ್ಲ. ಕೊಳವೆಬಾವಿಯ ಸುತ್ತ ಕಲ್ಲು, ಜಲ್ಲಿ, ಮರಳು ತುಂಬಿದ ಇಂಗುಗುಂಡಿ ಮಾಡುವಾಗ ಹೂಳು ಬಸಿಯದಂತೆ, ಗೊಬ್ಬರ ಮತ್ತು ಕೀಟನಾಶಕದ ನೀರು ಇಳಿಯದಂತೆ ನೋಡಿಕೊಳ್ಳಬೇಕು.

ಕೆರೆಯ ಹೂಳೆತ್ತುವಿಕೆ ಹೊಲದ ಕೆಲಸವೂ ಹೌದು. ಕೆರೆಗೋಡು ಜೇಡಿ ಮತ್ತು ಸಾವಯವ ಅಂಶ ತುಂಬಿದ ಮಣ್ಣು; ಕೆಂಪುಹೊಲಕ್ಕೆ ಹೊಡೆದರೆ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಆದರೆ ಯಂತ್ರದಿಂದ ಆಳಕ್ಕೆ ಕೆರೆದು ತಳದ ಜೇಡಿ ಪದರವನ್ನೇ ಹರಿದರೆ ಕೆರೆ ಸೋರತೊಡಗುತ್ತದೆ. ಹೂಳೆತ್ತುವ ಮೊದಲು ಕೆರೆಗೆ ನೀರು ತರುವ ಕಾಲುವೆಗಳ ಒತ್ತುವರಿ ತೆರವಾಗದಿದ್ದರೆ ಆಳ ಹೆಚ್ಚಿದ ಕೆರೆಗೂ ನೀರು ಬರುವುದಿಲ್ಲ. ಎಲ್ಲ ಕೊಯ್ಲೂ ಬೆಳೆಗೇ ಆಗಬೇಕೆಂದೂ ಇಲ್ಲ. ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಗುಡ್ಡದ ಮೇಲೆ ಸ್ವಂತ ದುಡಿಮೆಯಿಂದ ತೋಡಿದ ಕಟ್ಟೆಗಳು ಕುರಿ, ಹಕ್ಕಿ, ಕಾಡುಪ್ರಾಣಿಗಳ ದಾಹಕ್ಕಾಗಿ. ಗೋಕಟ್ಟೆಗಳ ಉದ್ದೇಶವೂ ಇದೇ.

ಹಂಚಿಕೆ ಮತ್ತು ನಿರ್ವಹಣೆ

ಬದು ಹೊಲದವನದು, ಹೊಂಡ ತೋಡಿಸಿದವನದು; ಹಳ್ಳ ಮತ್ತು ಕೆರೆ ಎಲ್ಲರದು. ಯೋಜನೆ ಸೋಲುವುದು ಬಹುಪಾಲು ಈ ಗಡಿಗಳಲ್ಲಿ. ಚೆಕ್ ಡ್ಯಾಂನ ಲಾಭ ಪಕ್ಕದ ಪಂಪ್‌ಸೆಟ್ ಇದ್ದವನಿಗೆ ಹೋದರೆ, ಗುಡ್ಡದಲ್ಲಿ ಮೇವು ಬಿಟ್ಟುಕೊಟ್ಟ ಭೂಹೀನ ಕುರಿಗಾಹಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬೇಕು. ಹರಿಯಾಣದ ಸುಖೋಮಾಜ್ರಿ 1970ರ ದಶಕದಲ್ಲೇ ಇದಕ್ಕೆ ಒಂದು ಉತ್ತರ ಕೊಟ್ಟಿತು: ಗುಡ್ಡದಲ್ಲಿ ದನ ಮೇಯಿಸುವುದನ್ನು ಬಿಟ್ಟ ಪ್ರತಿ ಮನೆಗೂ, ಭೂಮಿ ಇರಲಿ ಇಲ್ಲದಿರಲಿ, ಕಟ್ಟೆಯ ನೀರಿನಲ್ಲಿ ಸಮಪಾಲು. ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಗ್ರಾಮಸಭೆ ಪ್ರತಿ ವರ್ಷ ನೀರಿನ ಆಯವ್ಯಯ ಲೆಕ್ಕ ಹಾಕಿ ಬೆಳೆ ನಿರ್ಧರಿಸುತ್ತದೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನು ಊರೇ ನಿಷೇಧಿಸಿಕೊಂಡಿದೆ.

ಕರ್ನಾಟಕದ ಊರುಗಳಲ್ಲಿ ಇದನ್ನು ಜಲಾನಯನ ಸಂಘ, ಕೆರೆ ಬಳಕೆದಾರರ ಸಂಘ, ಗ್ರಾಮ ಪಂಚಾಯಿತಿಗಳ ಮೂಲಕ ನಡೆಸಲಾಗುತ್ತದೆ. ಯೋಜನೆಯ ಹಾಳೆಯಲ್ಲೇ ಕೆಲವು ವಿಷಯ ಬರೆದಿರಬೇಕು: ಹೂಳುಗುಂಡಿ ಯಾರು, ಯಾವ ತಿಂಗಳು ಬಾಚುತ್ತಾರೆ, ಒಡೆದ ಬದು ಕಟ್ಟಲು ಹಣ ಎಲ್ಲಿಂದ, ಪಂಪು ಯಾರ ಸರದಿ, ನೀರು ಕಡಿಮೆಯಾದ ವರ್ಷ ಮೊದಲು ಯಾವ ಬೆಳೆಗೆ. ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ಒಮ್ಮೆ, ದೊಡ್ಡ ಮಳೆ ಬಂದ ಮರುದಿನ ಮತ್ತೊಮ್ಮೆ ಎಲ್ಲ ಕೋಡಿಗಳನ್ನು ನೋಡಿ ಬರುವುದು ದುಡ್ಡಿಲ್ಲದ ವಿಮೆ.

ಸರ್ಕಾರಿ ಯೋಜನೆಗಳು

ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಅಂದಿನ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು; ಊರಿನವರೊಂದಿಗೆ ಕುಳಿತು ನಕ್ಷೆ ಮಾಡುವ, ಭೂಹೀನರನ್ನೂ ಸ್ತ್ರೀಶಕ್ತಿ ಗುಂಪುಗಳನ್ನೂ ಒಳಗೊಳ್ಳುವ ಪದ್ಧತಿಗೆ ಅದು ಹೆಸರಾಯಿತು. ಮುಂದಿನ ಹಂತದಲ್ಲಿ ಸರ್ವೆ ನಂಬರುವಾರು ಮಣ್ಣಿನ ವಿವರ ಕಲೆಹಾಕುವ ಕೆಲಸ ಸೇರಿತು. ಕೆರೆಗಳ ಪುನಶ್ಚೇತನಕ್ಕೆ ಜಲಸಂವರ್ಧನೆ ಯೋಜನಾ ಸಂಘ ರೂಪುಗೊಂಡಿತು. ಉದ್ಯೋಗ ಖಾತರಿ ಯೋಜನೆಯಡಿ ಬದು, ಕೃಷಿಹೊಂಡ, ಇಂಗುಗುಂಡಿಗಳು ಕೂಲಿ ಕೆಲಸವಾಗಿ ನಡೆದಿವೆ.

ರಾಜ್ಯ ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿಭಾಗ್ಯ ಯೋಜನೆ ಹೊಂಡ, ಪಾಲಿಥಿನ್ ಹೊದಿಕೆ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿಗಳನ್ನು ಒಂದೇ ಕಟ್ಟಾಗಿ ಸಹಾಯಧನದಲ್ಲಿ ನೀಡಿತು. 10 ಮೀಟರಿನಿಂದ 21 ಮೀಟರ್ ಚೌಕದವರೆಗೆ ಹೊಂಡದ ಅಳತೆಗಳಿದ್ದವು. ಕಾನೂನಿನ ಕಡೆಯಿಂದ ಅಂತರ್ಜಲ ನಿಯಂತ್ರಣಕ್ಕೆ 2011ರ ಅಧಿನಿಯಮ, ಕೆರೆಗಳ ರಕ್ಷಣೆಗೆ 2014ರ ಅಧಿನಿಯಮ ಇವೆ.

ಮಿತಿಗಳು

ಹೊಂಡದ ಅಳತೆ ಹೊಲದ ಹರಿವಿನಿಂದ ಬರಬೇಕು. ಅದು ಸಹಾಯಧನದ ಪಟ್ಟಿಯಿಂದ ಬಂದಾಗ ಪೋರುಮಾಮಿಳ್ಳ ಶಾಸನದ ಐದನೆಯ ದೋಷ ಮರುಕಳಿಸುತ್ತದೆ: ಹರಹು ದೊಡ್ಡದು, ನೀರು ಕಡಿಮೆ. ಅರ್ಧ ಖಾಲಿ ಹೊಂಡವನ್ನು ಕೊಳವೆಬಾವಿಯಿಂದ ತುಂಬಿಸುವ ಅಭ್ಯಾಸ ಅಲ್ಲಿಂದ ಹುಟ್ಟುತ್ತದೆ. ಮಹಾರಾಷ್ಟ್ರದಲ್ಲಿ ಹಣ್ಣಿನ ತೋಟಗಳಿಗೆಂದು ಹಾಳೆ ಹಾಸಿದ ದೊಡ್ಡ ಹೊಂಡಗಳಿಗೆ ಅಂತರ್ಜಲವನ್ನೇ ಎತ್ತಿ ತುಂಬುವುದು ತೀವ್ರ ಟೀಕೆಗೆ ಗುರಿಯಾಗಿದೆ. ಭೂಮಿಯೊಳಗೆ ತಂಪಾಗಿದ್ದ ನೀರನ್ನು ಬಿಸಿಲಿಗೆ ಹರಡಿದಂತಾಗುವ ಇದನ್ನು ಕೊಯ್ಲು ಎನ್ನಲಾಗದು.

ಇನ್ನೊಂದು ಮಿತಿ ಒಟ್ಟು ಮೊತ್ತದ್ದು. ಜಲಾನಯನದ ಮೇಲ್ಭಾಗದಲ್ಲಿ ಬದು, ಹೊಂಡ, ಚೆಕ್ ಡ್ಯಾಂಗಳು ದಟ್ಟವಾದಷ್ಟೂ ಕೆಳಗಿನ ಕೆರೆಗೆ ಬರುವ ನೀರು ಇಳಿಯುತ್ತದೆ. ಮೇಲಿನ ಖುಷ್ಕಿ ರೈತನಿಗೆ ಇದು ನ್ಯಾಯ. ಕೆಳಗಿನ ಅಚ್ಚುಕಟ್ಟಿನ ರೈತನಿಗೆ ನಷ್ಟ. ಇಬ್ಬರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಹೊಂಡಗಳ ಸಂಖ್ಯೆಯನ್ನು ಸಾಧನೆಯೆಂದು ಎಣಿಸಿದರೆ ನೀರು ಹೆಚ್ಚಾಗಿರುವುದಿಲ್ಲ, ಜಾಗ ಬದಲಿಸಿರುತ್ತದೆ. ದಕ್ಕಿದ ನೀರಿಗೆ ತಕ್ಕ ಬೆಳೆ ಇಲ್ಲದಿದ್ದರೂ ಫಲ ಇದೇ. ಹೊಂಡದ ನೆಚ್ಚಿಗೆಯಲ್ಲಿ ರಾಗಿ, ತೊಗರಿ ಬಿಟ್ಟು ವರ್ಷಪೂರ್ತಿ ನೀರು ಬೇಡುವ ಅಡಿಕೆ, ಕಬ್ಬು ನೆಟ್ಟ ಹೊಲಕ್ಕೆ ಯಾವ ಹೊಂಡವೂ ಸಾಲುವುದಿಲ್ಲ.

ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಎಂದು ಆ ಶಾಸನ ಎಚ್ಚರಿಸಿತ್ತು. ಇಂದು ಆ ಗಡಿ ಎರಡು ಹೊಲಗಳ ನಡುವೆ, ಎರಡು ಪಂಚಾಯಿತಿಗಳ ನಡುವೆ, ಕೃಷಿ, ಕಂದಾಯ, ನೀರಾವರಿ ಇಲಾಖೆಗಳ ನಡುವೆ ಹಾಯುತ್ತದೆ. ನೀರು ಮಾತ್ರ ಇಳಿಜಾರನ್ನಷ್ಟೇ ಬಲ್ಲದು. ಆ ಇಳಿಜಾರಿನ ಉದ್ದಕ್ಕೂ ಇರುವವರು ಒಟ್ಟಿಗೆ ಕುಳಿತು ಒಪ್ಪಿದ ನಕ್ಷೆಯೇ ಮಳೆನೀರು ಕೊಯ್ಲಿನ ಮೊದಲ ರಚನೆ, ಗುದ್ದಲಿ ಆಮೇಲಿನದು.